ಡಾಕ್ಟರ್ ಇಲ್ಲದ ಆಸ್ಪತ್ರೆ: ನಮ್ಮೂರ ಉಪಕೇಂದ್ರಕ್ಕೆ ನನ್ನ ಸ್ಟಾರ್ ಎಷ್ಟು

ಮೊದಲೇ ಅಂಕ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಒಳಗೆ ಕೂತಿರುವ ಮೇಡಂಗೆ ಐದಕ್ಕೆ ನಾಲ್ಕೂವರೆ. ಅವರ ಹಿಂದಿರುವ ವ್ಯವಸ್ಥೆಗೆ ಎರಡು. ಎರಡನ್ನೂ ಕೂಡಿಸಿ ಭಾಗಿಸಿ ಒಂದೇ ಲೆಕ್ಕ ಕೊಟ್ಟರೆ ಮೇಡಂಗೆ ಅನ್ಯಾಯ, ವ್ಯವಸ್ಥೆಗೆ ಪುಕ್ಕಟೆ ಮಾರ್ಕು. ಅದಕ್ಕೇ ಬೇರೆಬೇರೆ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ತುಮಕೂರು ಜಿಲ್ಲೆಯ ನಮ್ಮೂರಿನ ಆರೋಗ್ಯ ಉಪಕೇಂದ್ರದ ಬಗ್ಗೆ. ಊರಿನ ಹೆಸರು ಬೇಡ. ಮುಂದೆ ಸ್ವಲ್ಪ ದೂರು ಇದೆ, ಅದು ಸುಮ್ನೆ ಯಾರದೋ ತಲೆ ಮೇಲೆ ಬೀಳುವುದು ನನಗೆ ಇಷ್ಟವಿಲ್ಲ. ಹಳದಿ ಬಣ್ಣದ ಚಿಕ್ಕ ಕಟ್ಟಡ, ಬಾಗಿಲ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡು, ಹೊರಗೋಡೆ ಮೇಲೆ ಯೋಗ ಮಾಡುವವರ ಚಿತ್ರ. ನಿಮ್ಮೂರಲ್ಲೂ ಇಂಥದ್ದೇ ಒಂದು ಇರುತ್ತದೆ. ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಜನ ಇರುವ ಕಡೆ 3000 ಜನಕ್ಕೆ ಒಂದು ಅನ್ನುವುದು ಸರ್ಕಾರದ ಲೆಕ್ಕ. ಹಿಂದೆ ಇಲ್ಲಿ ಏಎನ್‌ಎಂ ಸಿಸ್ಟರ್ ಒಬ್ಬರೇ ಇರುತ್ತಿದ್ದರು. ಬಸುರಿಯರಿಗೆ ಇಂಜೆಕ್ಷನ್ನು, ಮಕ್ಕಳಿಗೆ ಲಸಿಕೆ, ಕಬ್ಬಿಣದ ಮಾತ್ರೆ, ಕುಟುಂಬ ಯೋಜನೆ. ಅದರಾಚೆ ಏನಾದರೂ ಆದರೆ ಬಸ್ ಹತ್ತಬೇಕು. ನಮ್ಮೂರ ಗಂಡಸರು ಆ ಕಟ್ಟಡದ ಜಗಲಿಯನ್ನು ಇಸ್ಪೀಟಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿದ್ದು ನನಗೆ ನೆನಪಿಲ್ಲ.

2018ರಲ್ಲಿ ಆಯುಷ್ಮಾನ್ ಭಾರತ್ ಬಂತು. ಎಲ್ಲರಿಗೂ ಗೊತ್ತಿರುವುದು ಅದರ ಕಾರ್ಡು, ಐದು ಲಕ್ಷದ ವಿಮೆ. ಆದರೆ ಅದಕ್ಕೆ ಇನ್ನೊಂದು ಕಾಲಿದೆ, ಅದರ ಸುದ್ದಿ ಕಡಿಮೆ. ಹಳ್ಳಿಯ ಉಪಕೇಂದ್ರಗಳನ್ನೇ ಮೇಲಕ್ಕೆತ್ತಿ ಅಲ್ಲೊಬ್ಬ ಸಮುದಾಯ ಆರೋಗ್ಯ ಅಧಿಕಾರಿಯನ್ನು, ಅಂದರೆ ಸಿಎಚ್‌ಓ ಅವರನ್ನು, ಕೂರಿಸುವುದು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಅದರ ಮೇಲೆ ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿ. ಈಗೀಗ ಅದನ್ನು ಬಿಎಸ್ಸಿ ನರ್ಸಿಂಗ್ ಪಾಠದೊಳಗೇ ಸೇರಿಸಿದ್ದಾರೆ. ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ 2018ರ ಏಪ್ರಿಲ್ 14ರಂದು ಮೊದಲ ಕೇಂದ್ರ ಶುರುವಾಯಿತು. ನಮ್ಮೂರಿಗೆ ಬರಲು ಅದಕ್ಕೆ ಸಾಕಷ್ಟು ಟೈಮ್ ಹಿಡಿಯಿತು. ಬಂದಮೇಲೂ ಜನಕ್ಕೆ ಇದೇನು ಅಂತ ಗೊತ್ತಾಗಲು ಇನ್ನೊಂದಷ್ಟು ಟೈಮ್ ಹೋಯಿತು.

ನಮ್ಮೂರ ಮೇಡಂ ಇಂಥ ಒಬ್ಬ ಸಿಎಚ್‌ಓ, ಡಾಕ್ಟರಲ್ಲ. ಹೋದ ತಕ್ಷಣ ಅವರೇ ಇದನ್ನು ಹೇಳುತ್ತಾರೆ. ಆದರೂ ನಮ್ಮಜ್ಜಿ ವಯಸ್ಸಿನವರೆಲ್ಲ ಅವರನ್ನು 'ಡಾಕ್ಟ್ರಮ್ಮ' ಅಂತಲೇ ಕರೆಯುವುದು. ಅವರೂ ತಿದ್ದಿ ತಿದ್ದಿ ಸುಸ್ತಾಗಿ ಈಗ ಬಿಟ್ಟಿದ್ದಾರೆ.

ನಾನು ಈ ಕೇಂದ್ರದ ಗಿರಾಕಿ ಆಗಿದ್ದು ನಮ್ಮಮ್ಮನ ಕಾರಣಕ್ಕೆ. ಅಮ್ಮನಿಗೆ ಬಿಪಿ ಇದೆ, ಶುಗರ್ ಇದೆ. ಇವೆರಡೂ ಒಂದು ಸಲ ತೋರಿಸಿ ಬಂದರೆ ಮುಗಿಯುವ ಕಾಯಿಲೆಗಳಲ್ಲ. ತಿಂಗಳು ತಿಂಗಳು ಮಾತ್ರೆ ಬೇಕು, ನೋಡುವವರು ಬೇಕು. ಮೊದಲು ಇದಕ್ಕೆ ತಾಲೂಕು ಆಸ್ಪತ್ರೆಗೆ ಹೋಗಬೇಕಿತ್ತು. ಬೆಳಿಗ್ಗೆ ಬಸ್ಸು, ಚೀಟಿ ಮಾಡಿಸಲು ಒಂದು ಸಾಲು, ಡಾಕ್ಟರ ಹತ್ತಿರ ಒಂದು ಸಾಲು, ಮಾತ್ರೆಗೆ ಇನ್ನೊಂದು, ಊಟದ ಹೊತ್ತು ದಾಟಿದ ಮೇಲೆ ಮನೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜು ತಪ್ಪಿತು, ಅದು ದೊಡ್ಡ ಉಪಕಾರ, ಸುಳ್ಳು ಹೇಳಬಾರದು. ಆದರೆ ದಿನ ತಪ್ಪಲಿಲ್ಲವಲ್ಲ. 2025ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಪುಕ್ಕಟೆ ಮಾತ್ರೆ ತರಲು ಹೋದ ಕೂಲಿಯವರಿಗೆ ಆ ಮಾತ್ರೆ ಬಿದ್ದದ್ದು ಅಷ್ಟಕ್ಕೆ. ಹಾಗಾಗಿ ಏನಾಗುತ್ತಿತ್ತು? ಮಾತ್ರೆ ಮುಗಿದರೆ ಮುಗಿದ ಹಾಗೆಯೇ. 'ಈಗೇನೂ ತಲೆ ಸುತ್ತುತ್ತಿಲ್ಲ ಬಿಡು' ಅಂತ ಅಮ್ಮ ಆರಾಮಾಗಿ ಇರುತ್ತಿದ್ದರು. ಬಿಪಿಯ ತೊಂದರೆಯೇ ಅದು, ಏನೂ ಅನ್ನಿಸದೆ ಒಳಗೊಳಗೇ ಕೆಲಸ ಮಾಡುತ್ತದೆ.

ಈಗ ಕೇಂದ್ರ ಮನೆಯಿಂದ ನಡೆದು ಹೋಗುವ ದೂರ. ಅಮ್ಮ ಬೆಳಿಗ್ಗೆ ಹಾಲು ಡೇರಿಗೆ ಹಾಕಿ, ಕ್ಯಾನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ತೋರಿಸಿಕೊಂಡು ಬರುತ್ತಾರೆ.

ಅಲ್ಲಿ ಬಿಪಿ ನೋಡುವ ರೀತಿಯನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ನಾನು ದುಡ್ಡು ಕೊಟ್ಟು ತೋರಿಸಿದ ಎಷ್ಟೋ ಕಡೆ ಇದನ್ನು ನೋಡಿಲ್ಲ. ಹೋದ ತಕ್ಷಣ ಪಟ್ಟಿ ಕಟ್ಟುವುದಿಲ್ಲ. 'ಬಿಸಿಲಲ್ಲಿ ನಡ್ಕೊಂಡು ಬಂದಿದ್ದೀರ, ಐದು ನಿಮಿಷ ಕೂತ್ಕೊಳ್ಳಿ ಅಮ್ಮ' ಅನ್ನುತ್ತಾರೆ. ಬೆನ್ನು ಕುರ್ಚಿಗೆ ಒರಗಿರಬೇಕು, ಕಾಲು ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲಿರಬೇಕು, ಮಾತಾಡಬಾರದು. ಈ ಕೊನೆಯದು ನಮ್ಮಮ್ಮನಿಗೆ ಕಷ್ಟ. ಸೊಸೆಯ ವಿಚಾರ ಅರ್ಧಕ್ಕೆ ನಿಲ್ಲಿಸಿಬಿಟ್ಟರೆ ಬಿಪಿ ಇನ್ನೂ ಏರುತ್ತದೆ ಅಂತ ನನಗೆ ಅನುಮಾನ. ಒಂದು ಸಲ ಜಾಸ್ತಿ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. 140/90ರ ಕೆಳಗೆ ಇರಬೇಕು ಅನ್ನುವುದನ್ನು ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದಾರೆ. ಓದು ಬರಹ ಬಾರದ ಅಮ್ಮ ಈಗ ಪಕ್ಕದ ಮನೆಯವರ ಚೀಟಿ ನೋಡಿ, 'ಮೇಲಿನ್ದು ಎಷ್ಟಿದೆ ಓದು' ಅಂತ ನನ್ನ ಕೇಳಿ ಅವರಿಗೆ ಬುದ್ಧಿ ಹೇಳುತ್ತಾರೆ.

ಇನ್ನೊಂದು ವಿಷಯ. ಮಾತ್ರೆ ಕೊಡುವ ಮುಂಚೆ ಹಳೇ ಖಾಲಿ ಶೀಟು ತನ್ನಿ ಅನ್ನುತ್ತಾರೆ. ತಂದರೆ ಎಣಿಸುತ್ತಾರೆ. ಶೀಟಿನಲ್ಲಿ ಮಾತ್ರೆ ಉಳಿದಿದ್ದರೆ ಬೈಯುವುದಿಲ್ಲ, 'ಯಾಕಮ್ಮ ತಗೊಂಡಿಲ್ಲ' ಅಂತ ಕೇಳುತ್ತಾರೆ. ಹೀಗೆ ಕೇಳಿದ್ದಕ್ಕೇ ಗೊತ್ತಾಗಿದ್ದು, ಶುಗರ್ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಅಮ್ಮ ರಾತ್ರಿಯದನ್ನು ಬಿಡುತ್ತಿದ್ದರು ಅನ್ನುವುದು. ನನಗೂ ಹೇಳಿರಲಿಲ್ಲ, ತಾಲೂಕು ಆಸ್ಪತ್ರೆಯಲ್ಲೂ ಹೇಳಿರಲಿಲ್ಲ. ಅಲ್ಲಿ ಹೇಳುವಷ್ಟು ಹೊತ್ತು ಎಲ್ಲಿತ್ತು? ಹೊಟ್ಟೆ ಖಾಲಿ ಇದ್ದಾಗ ಬೇಡ, ಮುದ್ದೆ ಉಂಡಮೇಲೆ ತಗೊಳ್ಳಿ ಅಂತ ಮೇಡಂ ಹೇಳಿದರು, ಅಷ್ಟಕ್ಕೇ ಸರಿಹೋಯಿತು. ಆಮೇಲೆ ಚಪ್ಪಲಿ ಬಿಡಿಸಿ ಪಾದ ತಿರುಗಿಸಿ ಬೆರಳ ಸಂದಿಯೆಲ್ಲ ನೋಡಿದರು, ಶುಗರ್ ಇರುವವರಿಗೆ ಅಲ್ಲೇ ಗಾಯ ಆಗಿ ಗೊತ್ತೇ ಆಗುವುದಿಲ್ಲ ಅಂತ. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವುದಕ್ಕೆ ಮಾತ್ರ ಸರಿಯಾಗಿ ಬೈದರು. ಅದು ಬೇಕಿತ್ತು.

ಮೂವತ್ತು ದಾಟಿದವರನ್ನೆಲ್ಲ ಬಿಪಿ, ಶುಗರ್, ಬಾಯಿ ಕ್ಯಾನ್ಸರು, ಸ್ತನ ಕ್ಯಾನ್ಸರು, ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ತಪಾಸಣೆ ಮಾಡಬೇಕು ಅನ್ನುವುದು ಇವರ ಕೆಲಸದಲ್ಲಿ ಒಂದು. ಮೊದಲು ಆಶಾ ಅಕ್ಕ ಮನೆಗೇ ಬಂದು ಫಾರಂ ತುಂಬುತ್ತಾರೆ: ಬೀಡಿ ಇದೆಯಾ, ಎಲೆಅಡಿಕೆ ಇದೆಯಾ, ಮನೆಯಲ್ಲಿ ಯಾರಿಗಾದರೂ ಶುಗರ್ ಇತ್ತಾ, ಸೊಂಟದ ಸುತ್ತಳತೆ ಎಷ್ಟು. ಸೊಂಟ ಅಳೆಯುವಾಗ ನಮ್ಮೂರ ಗಂಡಸರ ನಾಚಿಕೆ ನೋಡಬೇಕು. ಆಮೇಲೆ ಕೇಂದ್ರಕ್ಕೆ ಕರೆಯುತ್ತಾರೆ. ನಮ್ಮ ಬೀದಿಯ ಒಬ್ಬ ಚಿಕ್ಕಪ್ಪ ವಯಸ್ಸಿನವರು ಕಡ್ಡಿಪುಡಿ ಇಲ್ಲದೆ ಹೊಲಕ್ಕೇ ಇಳಿಯದವರು. ಮೇಡಂ ಟಾರ್ಚ್ ಹಿಡಿದು ಕೆನ್ನೆಯೊಳಗೆ ನೋಡಿದರು, ನಾಲಿಗೆ ಎತ್ತಿಸಿ ಅಡಿಗೆ ನೋಡಿದರು, ಮೂರು ಬೆರಳು ಉದ್ದುದ್ದಕ್ಕೆ ಜೋಡಿಸಿ ಬಾಯೊಳಗೆ ಹೋಗುತ್ತಾ ಅಂತ ನೋಡಿ ಅಂದರು. ಹೋಗಲಿಲ್ಲ. ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲ್ಲ ಅನ್ನುವುದನ್ನು ಅವರು ವಯಸ್ಸಾಯಿತು ಅಂತ ಅಂದುಕೊಂಡಿದ್ದರಂತೆ. ಅಲ್ಲಿಂದ ತಾಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ಚೀಟಿ ಬರೆದು, ಹೋದರಾ ಇಲ್ಲವಾ ಅಂತ ಆಶಾ ಅಕ್ಕನ ಮೂಲಕ ಹಿಂದೆ ಬಿದ್ದು ಕಳಿಸಿದರು. ಕ್ಯಾನ್ಸರಲ್ಲ ಅಂತ ಬಂತು. ಆದರೆ ಕಡ್ಡಿಪುಡಿ ಬಿಡದಿದ್ದರೆ ಮುಂದೆ ಆಗಬಹುದು ಅಂತಲೂ ಬಂತು. ಬಿಟ್ಟಿದ್ದಾರಾ ಅಂತ ಕೇಳಬೇಡಿ, ಕಡಿಮೆ ಮಾಡಿದ್ದಾರೆ.

ಹೆಂಗಸರ ವಿಷಯಕ್ಕೆ ಬಂದರೆ ಈ ಕೇಂದ್ರದ ನಿಜವಾದ ಬೆಲೆ ಗೊತ್ತಾಗುತ್ತದೆ. ಬಿಳಿ ಸೆರಗು, ಮುಟ್ಟು ನಿಲ್ಲುವಾಗಿನ ಕಾಟ, ಕೆಮ್ಮಿದರೆ ಉಚ್ಚೆ ಹೋಗುವುದು, ಗಂಡ ಕುಡಿದು ಹೊಡೆದ ಗಾಯ, ಇದನ್ನೆಲ್ಲ ನಮ್ಮ ಕಡೆ ಹೆಂಗಸರು ಗಂಡು ಡಾಕ್ಟರ ಮುಂದೆ, ಅದೂ ಹಿಂದೆ ಇಪ್ಪತ್ತು ಜನ ನಿಂತಿರುವಾಗ, ಹೇಳುವುದೇ ಇಲ್ಲ. ಇಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹೇಳುತ್ತಾರೆ. ಮೇಡಂಗೆ ಎಲ್ಲದಕ್ಕೂ ಔಷಧಿ ಗೊತ್ತು ಅಂತಲ್ಲ. ಯಾವುದು ಇಲ್ಲೇ ಆಗುತ್ತದೆ, ಯಾವುದಕ್ಕೆ ತಡ ಮಾಡಬಾರದು ಅನ್ನುವುದು ಗೊತ್ತು. ಮನಸ್ಸಿಗೆ ಸಂಬಂಧಪಟ್ಟಿದ್ದು ಇದ್ದರೆ ಟೆಲಿ ಮಾನಸ್ ನಂಬರು 14416 ಅನ್ನು ಅವರೇ ಡಯಲ್ ಮಾಡಿ ಫೋನ್ ಕೈಗೆ ಕೊಟ್ಟಿದ್ದೂ ಇದೆ.

ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಮಗುವನ್ನೂ ಊರಾಚೆ ಗುಡಿಸಲಲ್ಲಿ ಇಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ, ಮಳೆಗಾಲದಲ್ಲೂ. ಹೆರಿಗೆ ಆಸ್ಪತ್ರೆಯಲ್ಲೇ ಆದರೂ ಆಮೇಲಿನ ದಿನಗಳಲ್ಲಿ ಕೂಸಿಗೆ ಜ್ವರ ಬಂದರೆ, ಮೈ ತಣ್ಣಗಾದರೆ ನೋಡುವವರು ಯಾರು? ಆಶಾ ಅಕ್ಕ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಹೋಗಿ ನೋಡಬೇಕು ಅನ್ನುವ ನಿಯಮ ಇದೆ. ನಮ್ಮ ಮೇಡಂ ಅವರ ಜೊತೆ ತಾವೂ ಹೋಗುತ್ತಾರೆ, ಮಗುವನ್ನು ತಕ್ಕಡಿಯಲ್ಲಿ ತೂಗಿ, ಅಜ್ಜಿಯಂದಿರ ಹತ್ತಿರ ಜಗಳ ಮಾಡದೆ 'ಅಜ್ಜೀ, ಇವತ್ತು ರಾತ್ರಿ ಒಳಗೆ ಮಲಗಿಸ್ಕೊಳ್ಳಿ, ಚಳಿ ಇದೆ' ಅಂತ ಕೇಳುತ್ತಾರೆ. ಒಂದೊಂದು ಸಲ ಒಪ್ಪುತ್ತಾರೆ, ಒಂದೊಂದು ಸಲ ಇಲ್ಲ. ನಗರದ ಯಾವ ದೊಡ್ಡ ಆಸ್ಪತ್ರೆಯೂ ಆ ಗುಡಿಸಲಿನ ಬಾಗಿಲಿಗೆ ಬರುವುದಿಲ್ಲ ಅನ್ನುವುದಂತೂ ನಿಜ.

ಇಲ್ಲಿ ಏನು ಸಿಗುವುದಿಲ್ಲ ಅಂತಲೂ ಹೇಳಬೇಕಲ್ವಾ. ಮೊದಲನೆಯದಾಗಿ, ಸೂಜಿ ಹಾಕಿಸಿಕೊಂಡೇ ಬರಬೇಕು ಅಂತ ಹೋಗುವವರಿಗೆ ನಿರಾಸೆ. ನೆಗಡಿಗೆ, ಮೈಕೈ ನೋವಿಗೆ ಬಾಟ್ಲಿ ಏರಿಸಿ ಅಂದರೆ ಏರಿಸುವುದಿಲ್ಲ. ಇದಕ್ಕೇ ನಮ್ಮೂರಲ್ಲಿ ಅರ್ಧ ಜನ 'ಅಲ್ಲೇನಿದೆ, ಬರೀ ಮಾತ್ರೆ' ಅಂತ ಪಕ್ಕದೂರಿನ ಆರ್‌ಎಂಪಿ, ಅಂದರೆ ಡಾಕ್ಟರ್ ಡಿಗ್ರಿ ಇಲ್ಲದೆ ಔಷಧಿ ಕೊಡುವವನ, ಹತ್ತಿರ ಹೋಗುತ್ತಾರೆ. ಅವನು ಕೂತ ತಕ್ಷಣ ಸೂಜಿ ಚುಚ್ಚಿ ದುಡ್ಡು ತೆಗೆದುಕೊಳ್ಳುತ್ತಾನೆ, ಏನು ಚುಚ್ಚಿದ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೇಡಂ ಓದಿದ್ದು ಅವನಿಗಿಂತ ಎಷ್ಟೋ ಜಾಸ್ತಿ, ಕೊಡುವುದು ಕಡಿಮೆ. ಜನಕ್ಕೆ ಇದು ಉಲ್ಟಾ ಕಾಣುತ್ತದೆ.

ಎರಡನೆಯದು, ಬಿಪಿ ಶುಗರ್ ಮಾತ್ರೆಯನ್ನು ಮೇಡಂ ತಾವಾಗಿಯೇ ಹೊಸದಾಗಿ ಶುರು ಮಾಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ನೋಡಿ, ಇದು ಬಿಪಿಯೇ ಅಂತ ಹೇಳಿ, ಮಾತ್ರೆ ಬರೆಯಬೇಕು. ಅಲ್ಲಿಂದಾಚೆ ತಿಂಗಳು ತಿಂಗಳು ಕೊಡುವುದು, ನೋಡುವುದು, ಹತೋಟಿ ತಪ್ಪಿದರೆ ವಾಪಸ್ ಕಳಿಸುವುದು ಮೇಡಂ ಕೆಲಸ. ಮಧ್ಯೆ ಡಾಕ್ಟರ ಸಲಹೆ ಬೇಕಾದರೆ ಇ-ಸಂಜೀವಿನಿ ಇದೆ, ಟ್ಯಾಬಿನಲ್ಲಿ ವಿಡಿಯೋ ಕಾಲ್. ಇದು ಚೆನ್ನಾಗಿದೆ, ನೆಟ್‌ವರ್ಕ್ ಇದ್ದರೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಿಟಕಿ ಪಕ್ಕ ಮಾತ್ರ, ಹಾಗಾಗಿ ಮೇಡಂ ಟ್ಯಾಬನ್ನು ಲಸಿಕೆ ಡಬ್ಬಿಗೆ ಒರಗಿಸಿ ಕಿಟಕಿಯಲ್ಲಿ ಇಟ್ಟು, ರೋಗಿಯನ್ನು ಸ್ಟೂಲ್ ಸಮೇತ ಅಲ್ಲಿಗೆ ಎಳೆದು ಕೂರಿಸುತ್ತಾರೆ. ಡಾಕ್ಟರ್ ಕೇಳಿದ್ದನ್ನು ಇವರು ಇನ್ನೊಂದು ಸಲ ಕನ್ನಡದಲ್ಲಿ, ಅದೂ ನಮ್ಮ ಕಡೆಯ ಕನ್ನಡದಲ್ಲಿ, ಕೇಳುತ್ತಾರೆ. ಈ ನಡುವಿನ ಕೆಲಸ ಇಲ್ಲದಿದ್ದರೆ ಆ ವಿಡಿಯೋದಿಂದ ನಮ್ಮಮ್ಮನಂಥವರಿಗೆ ಏನೂ ಪ್ರಯೋಜನ ಆಗುತ್ತಿರಲಿಲ್ಲ.

ಇನ್ನು ಎರಡು ಸ್ಟಾರ್ ಯಾಕೆ ಅನ್ನುವುದಕ್ಕೆ ಬರುತ್ತೇನೆ.

ಉಪಕೇಂದ್ರದಲ್ಲಿ 105 ಬಗೆಯ ಔಷಧಿ ಇರಬೇಕು, 14 ಬಗೆಯ ಪರೀಕ್ಷೆ ಆಗಬೇಕು ಅನ್ನುವುದು ಕೇಂದ್ರ ಸರ್ಕಾರದ ಪಟ್ಟಿ. ಪಟ್ಟಿ ಗೋಡೆಯ ಮೇಲಿದೆ. ಕಪಾಟಿನಲ್ಲಿ ಯಾವಾಗಲೂ ಇರುವುದಿಲ್ಲ. ಬಿಪಿ ಮಾತ್ರೆ ಬಂದಾಗ ಶುಗರ್ ಮಾತ್ರೆ ಇಲ್ಲ, ಎರಡೂ ಇದ್ದಾಗ ಶುಗರ್ ನೋಡುವ ಸ್ಟ್ರಿಪ್ ಇಲ್ಲ. ಇಲ್ಲದಾಗ ಮೇಡಂ ಮುಖ ನೋಡಲು ಆಗುವುದಿಲ್ಲ. ಜನ ಬೈಯುವುದು ಅವರನ್ನೇ ತಾನೆ, ಮೇಲೆ ಎಲ್ಲೋ ಔಷಧಿ ಬೇಡಿಕೆಯ ಪಟ್ಟಿ (ಇಂಡೆಂಟ್) ಪಾಸ್ ಮಾಡದವರನ್ನು ಯಾರು ನೋಡಿದ್ದಾರೆ? ಅಂಥ ತಿಂಗಳಲ್ಲಿ ಅನುಕೂಲ ಇರುವವರು ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ, ಇಲ್ಲದವರು ಮಾತ್ರೆ ಬಿಡುತ್ತಾರೆ. ಎಲ್ಲರಿಗೂ ಸಮಾನ ಅಂತ ಬೋರ್ಡ್ ಹಾಕಿದ ಜಾಗದಲ್ಲೇ ಹೀಗೆ ಎರಡು ಸಾಲಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಹೋಗಿ ತಪಾಸಣೆ ಮಾಡಿ ಮಾತ್ರೆ ಕೊಡುತ್ತೇವೆ ಅಂತಿದ್ದಾರೆ, ಒಳ್ಳೆಯದೇ. ಆದರೆ ಮನೆಗೆ ತಂದುಕೊಡಲೂ ಮೊದಲು ಕಪಾಟಿನಲ್ಲಿ ಮಾತ್ರೆ ಇರಬೇಕಲ್ಲ.

ಆಮೇಲೆ ಆಪು, ಪೋರ್ಟಲ್ಲು, ರಿಜಿಸ್ಟರು. ಒಬ್ಬರ ಬಿಪಿ ನೋಡಲು ಹತ್ತು ನಿಮಿಷ, ಅದನ್ನು ಪುಸ್ತಕಕ್ಕೂ ಬರೆದು ಆಪಿಗೂ ಹಾಕಲು ಇನ್ನೊಂದಷ್ಟು. ಆಭಾ ಕಾರ್ಡ್ (ಆರೋಗ್ಯ ದಾಖಲೆಗೆ ಕೊಡುವ ನಂಬರಿನ ಕಾರ್ಡು) ಮಾಡಬೇಕು ಅಂದರೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ನಮ್ಮ ಹಿಂದಿನ ಮನೆಯ ಅಜ್ಜಿಯ ಆಧಾರಿಗೆ ಇರುವುದು ಬೆಂಗಳೂರಲ್ಲಿ ಕ್ಯಾಬ್ ಓಡಿಸುವ ಮಗನ ನಂಬರು. ಓಟಿಪಿ ಅವನಿಗೆ ಹೋಗುತ್ತದೆ, ಅವನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇರುತ್ತಾನೆ, ಅವನು ನೋಡಿ ಹೇಳುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಅಜ್ಜಿ ಜಗಲಿಯಲ್ಲಿ ಕೂತು 'ಬಂತೇನವ್ವಾ, ಬಂತೇನವ್ವಾ' ಅಂತ ಕೇಳುತ್ತಲೇ ಇರುತ್ತಾರೆ. ನಮ್ಮ ಮೇಡಂ ಓಟಿಪಿ ಬರಲಿ ಬಿಡಲಿ ಮೊದಲು ಬಿಪಿ ನೋಡಿ ಮಾತ್ರೆ ಕೊಟ್ಟುಬಿಡುತ್ತಾರೆ. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಹೇಳಲು ಬರುವುದಿಲ್ಲ.

ದೊಡ್ಡ ದೂರು ಇನ್ನೊಂದು. ಸಿಎಚ್‌ಓಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು. ಕೆಲಸ ಕಾಯಂ ಅಲ್ಲ, ಸಂಬಳದಲ್ಲಿ ಒಂದು ಭಾಗ ಗುರಿ ಮುಟ್ಟಿದರೆ ಮಾತ್ರ. ನಮ್ಮಲ್ಲಿ ಈಗಿನ ಮೇಡಂಗಿಂತ ಮುಂಚೆ ಇದ್ದವರು ಬೇರೆ ಕೆಲಸ ಸಿಕ್ಕಿತು ಅಂತ ಹೋದರು, ತಪ್ಪೇನಿಲ್ಲ. ಆಮೇಲೆ ತಿಂಗಳುಗಟ್ಟಲೆ ಬೀಗ. ಬಿಪಿ ಶುಗರಿನ ಔಷಧಿ ಅಂದರೆ ಮಾತ್ರೆ ಅಷ್ಟೇ ಅಲ್ಲ, ಗುರುತಿನ ಮುಖವೂ ಹೌದು. ಮುಖ ಬದಲಾದಾಗಲೆಲ್ಲ ಹೊಟ್ಟೆ ತೊಳಸುವ ವಿಚಾರ ಮತ್ತೆ ಮೊದಲಿಂದ ಹೇಳಬೇಕು, ಹೇಳಲು ಮತ್ತೆ ಧೈರ್ಯ ಬರಬೇಕು. ಅವರ ಕೈಗೆ ಇಷ್ಟು ಜವಾಬ್ದಾರಿ ಕೊಟ್ಟಮೇಲೆ ಕೆಲಸವನ್ನೂ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಇದು ನರ್ಸುಗಳಿಗೆ ಬಡ್ತಿ ಅಲ್ಲ, ಡಾಕ್ಟರ ಕೆಲಸವನ್ನು ಕಡಿಮೆ ದುಡ್ಡಿಗೆ ಮಾಡಿಸಿಕೊಳ್ಳುವ ಉಪಾಯ ಅಷ್ಟೇ.

ಈ ಜಾಗದಲ್ಲಿ ನಮ್ಮ ಪರಿಚಯದ ಡಾಕ್ಟರೊಬ್ಬರ ಜೊತೆ ನನಗೆ ಜೋರು ಚರ್ಚೆ ಆಯಿತು. 'ಹಳ್ಳಿಯವರಿಗೆ ಅರ್ಧ ಡಾಕ್ಟರ್ ಸಾಕಾ? ಪಟ್ಟಣದವರಿಗೆ ಎಂಡಿ, ನಿಮಗೆ ನರ್ಸು, ಇದು ಸಮಾನತೆನಾ?' ಅಂದರು. ಸುಮ್ನೆ ತಳ್ಳಿಹಾಕುವ ಮಾತಲ್ಲ. 2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಬಂದಾಗ ಅದರ 32ನೇ ಸೆಕ್ಷನ್ನಿನಲ್ಲಿ ಸಮುದಾಯ ಆರೋಗ್ಯ ಸೇವೆ ಕೊಡುವವರಿಗೆ ಸೀಮಿತ ಪರವಾನಗಿ ಕೊಡಬಹುದು ಅಂತ ಸೇರಿಸಿದ್ದಕ್ಕೆ ಡಾಕ್ಟರುಗಳ ಸಂಘ ಐಎಂಎ ದೇಶಾದ್ಯಂತ ಮುಷ್ಕರ ಮಾಡಿತ್ತು. ಬಡವರ ಪಾಲಿಗೆ ಯಾವಾಗಲೂ ಎರಡನೇ ದರ್ಜೆಯದ್ದೇ ಬರುತ್ತದೆ ಅನ್ನುವ ಭಯ ನನಗೂ ಇದೆ.

ಆದರೆ ನಮ್ಮ ಸೋದರತ್ತೆ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿನ ಒಂದು ಬಡಾವಣೆ ಕ್ಲಿನಿಕ್ಕಿನಲ್ಲಿ ಶುಗರ್ ಇರುವವರನ್ನು ನೋಡುವುದೇ ಅವಳ ಕೆಲಸ. ಹೆಚ್ಚಿನ ತರಬೇತಿ ಮುಗಿಸಿದ ನರ್ಸುಗಳು ಅಲ್ಲಿ ತಮ್ಮ ಪರಿಣತಿಗೆ ಒಳಪಟ್ಟ ಔಷಧಿಯನ್ನು ತಾವೇ ಬರೆಯಬಹುದು, 2006ರಿಂದ ಬಹುತೇಕ ಎಲ್ಲ ಔಷಧಿಗಳಿಗೂ. ಅವಳ ಹತ್ತಿರ ಬರುವ ಬಿಳಿಯರು 'ನಮಗೆ ಅರ್ಧ ಡಾಕ್ಟರ್ ಕೊಟ್ಟರು' ಅಂತ ಗಲಾಟೆ ಮಾಡಿದ್ದು ಅವಳಿಗೆ ನೆನಪಿಲ್ಲವಂತೆ. ಅಮೆರಿಕದಲ್ಲಂತೂ ನರ್ಸ್ ಪ್ರಾಕ್ಟಿಷನರ್ ಅನ್ನುವುದು 1965ರಲ್ಲೇ ಶುರುವಾಯಿತು, ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಅನ್ನುವ ನರ್ಸು ಮತ್ತು ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರು ಸೇರಿ ಮಾಡಿದ್ದು. ಫೋರ್ಡ್ ಹಳ್ಳಿಗಾಡಿನಲ್ಲಿ ಕೆಲಸ ಮಾಡಿದ ಸಾರ್ವಜನಿಕ ಆರೋಗ್ಯ ನರ್ಸು, ಡಾಕ್ಟರ್ ಸಿಗದ ಕಡೆ ಮಕ್ಕಳಿಗೆ ಯಾರಿದ್ದಾರೆ ಅನ್ನುವ ಪ್ರಶ್ನೆಯಿಂದಲೇ ಅದು ಹುಟ್ಟಿದ್ದು. 2018ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಸಂಸ್ಥೆಯವರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಪ್ರಾಥಮಿಕ ಚಿಕಿತ್ಸೆಯ ಬಹಳಷ್ಟು ಕಾಯಿಲೆಗಳಲ್ಲಿ ತರಬೇತಾದ ನರ್ಸುಗಳು ನೋಡಿದವರ ಆರೋಗ್ಯ ಡಾಕ್ಟರು ನೋಡಿದವರಷ್ಟೇ, ಕೆಲವೆಡೆ ಇನ್ನೂ ಚೆನ್ನಾಗಿ ಇತ್ತು. ನರ್ಸುಗಳು ರೋಗಿಯ ಜೊತೆ ಜಾಸ್ತಿ ಹೊತ್ತು ಕಳೆಯುತ್ತಿದ್ದರು, ರೋಗಿಗಳಿಗೂ ಹೆಚ್ಚು ಸಮಾಧಾನ ಇತ್ತು. ಆ ಅಧ್ಯಯನಗಳು ಹೆಚ್ಚಾಗಿ ಶ್ರೀಮಂತ ದೇಶಗಳದ್ದು, ಅದೂ ನಿಜ.

ನನ್ನ ಲೆಕ್ಕ ಇಷ್ಟು. ಆ ಡಾಕ್ಟರು ಕೇಳಿದ್ದು ಸರಿಯಾದ ಪ್ರಶ್ನೆ, ಆದರೆ ಅವರು ಬೆರಳು ತೋರಿಸಿದ್ದು ತಪ್ಪು ಕಡೆಗೆ. ಮೇಡಂ ಡಾಕ್ಟರ ಜಾಗದಲ್ಲಿ ಕೂತಿಲ್ಲ, ಇಲ್ಲಿ ಡಾಕ್ಟರ್ ಕೂತ ಜಾಗವೇ ಇರಲಿಲ್ಲ. ಇಂಗ್ಲೆಂಡಿನ ನರ್ಸಿನ ಹಿಂದೆ ಅದೇ ಕಟ್ಟಡದಲ್ಲಿ ಡಾಕ್ಟರ್ ಇದ್ದಾರೆ, ಔಷಧಿ ಅಂಗಡಿ ಇದೆ, ಕಾಯಂ ಕೆಲಸ ಇದೆ. ನಮ್ಮ ಮೇಡಂ ಹಿಂದೆ ಖಾಲಿ ಕಪಾಟು, ಕಿಟಕಿ ಪಕ್ಕದ ಸಿಗ್ನಲ್ಲು, ವರ್ಷಕ್ಕೊಮ್ಮೆ ನವೀಕರಣ ಆಗುವ ಗುತ್ತಿಗೆ ಪತ್ರ. ಎರಡನೇ ದರ್ಜೆ ಇರುವುದು ಅಲ್ಲಿ, ಅವರ ಓದಿನಲ್ಲಿ ಅಲ್ಲ. ಭಾರತದಲ್ಲಿ ನರ್ಸಿಂಗ್ ಓದಿದವರಿಗೆ ಮೇಲಕ್ಕೆ ಹೋಗುವ ದಾರಿ ಮೊದಲೇ ಕಡಿಮೆ. 1947ರ ಹಳೇ ಕಾನೂನಿನ ಬದಲಿಗೆ ಅಂತ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ, ಅದರಿಂದ ಏನಾದರೂ ಬದಲಾದರೆ ಸಂತೋಷ. ಸದ್ಯಕ್ಕೆ ನಮ್ಮೂರಲ್ಲಿ ಅದರ ಗಾಳಿ ಬೀಸಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಹಳೇ ಚೀಟಿ, ಖಾಲಿ ಶೀಟು, ಆಧಾರ್, ಆಧಾರಿಗೆ ಜೋಡಿಸಿದ ಫೋನು ತೆಗೆದುಕೊಂಡು ಹೋಗಿ. ಖಾಲಿ ಹೊಟ್ಟೆಯ ಶುಗರ್ ನೋಡಿಸಬೇಕಿದ್ದರೆ ಟೀ ಕುಡಿಯದೆ ಹೋಗಿ, ಸಕ್ಕರೆ ಹಾಕಿಲ್ಲ ಅನ್ನುವ ವಾದ ನಡೆಯುವುದಿಲ್ಲ. ಹೊರಡುವ ಮುಂಚೆ ಆಶಾ ಅಕ್ಕನಿಗೆ ಫೋನ್ ಮಾಡಿ ಮಾತ್ರೆ ಬಂದಿದೆಯಾ, ಮೇಡಂ ಮೀಟಿಂಗಿಗೆ ಹೋಗಿಲ್ಲ ತಾನೆ ಅಂತ ಕೇಳಿಕೊಳ್ಳಿ. ಮೀಟಿಂಗ್ ಜಾಸ್ತಿ. ನಾಯಿ ಕಚ್ಚಿದರೆ ಮೊದಲು ಸೋಪು ನೀರಲ್ಲಿ ಹದಿನೈದು ನಿಮಿಷ ಗಾಯ ತೊಳೆದು, ಲಸಿಕೆ ಇರುವ ಆಸ್ಪತ್ರೆಗೆ ಹೋಗಿ. ಹಾವು ಕಚ್ಚಿದರೆ, ಎದೆನೋವು ಬಂದರೆ, ಕೈಕಾಲು ಒಂದು ಕಡೆ ಸ್ವಾಧೀನ ತಪ್ಪಿದರೆ ಉಪಕೇಂದ್ರದ ಬಾಗಿಲು ತಟ್ಟುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಟೈಮಿಂಗ್ ಬಗ್ಗೆ. ಬೆಳಿಗ್ಗೆ ತೆಗೆದು ಸಂಜೆ ಆಫೀಸ್ ಟೈಮಿಗೆ ಮುಚ್ಚುತ್ತಾರೆ. ಕೂಲಿಗೆ ಹೋಗುವ ಕಾಲೊನಿಯ ಹೆಂಗಸರು ವಾಪಸ್ ಬರುವಷ್ಟರಲ್ಲಿ ಬೀಗ ಬಿದ್ದಿರುತ್ತದೆ. ಹತ್ತಿರ ಇದ್ದೂ ಸಿಗುವುದಿಲ್ಲ. ಪ್ರತಿ ಕೇಂದ್ರಕ್ಕೂ ಜನ ಆರೋಗ್ಯ ಸಮಿತಿ ಅಂತ ಇರುತ್ತದೆ, ಗ್ರಾಮ ಪಂಚಾಯ್ತಿ ಅಧ್ಯಕ್ಷರೇ ಅದಕ್ಕೂ ಅಧ್ಯಕ್ಷರು, ಸಣ್ಣಪುಟ್ಟ ಖರ್ಚಿಗೆ ಸ್ವಲ್ಪ ಹಣವೂ ಅವರ ಕೈಲಿರುತ್ತದೆ. ವಾರಕ್ಕೆ ಒಂದು ದಿನವಾದರೂ ಸಂಜೆ ಏಳರವರೆಗೆ ತೆಗೆಯಿರಿ, ಹೊರಗೆ ಕೂರಲು ಒಂದು ಬೆಂಚು ಹಾಕಿಸಿ ಅಂತ ಒಂದಷ್ಟು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಬೆಂಚಿಗೆ ಒಪ್ಪಿದ್ದಾರೆ. ಸಂಜೆ ವಿಷಯಕ್ಕೆ ಅಧ್ಯಕ್ಷರು 'ನೋಡೋಣ' ಅಂದರು. ಹಾಗೆ ತೆಗೆಯುವುದಾದರೆ ಮೇಡಂಗೆ ಆ ಹೊತ್ತಿನ ದುಡ್ಡು ಕೊಡುವವರು ಯಾರು ಅಂತ ಕೇಳಿದೆ. ಅದಕ್ಕೂ 'ನೋಡೋಣ' ಅಂದರು.